ಐದರಲ್ಲಿ ಮೂರು ಪಾಲು

ಸೋಮವಾರ ಬೆಳಿಗ್ಗೆ ರೋವೀನಾ, ಮರಿಸೋಲ್ ಇಬ್ಬರೂ ಆಂಬುಲೆನ್ಸ್ ತೊಳೆಯುತ್ತಿದ್ದರು. ಗೋಧಿ ಕಟಾವಿನ ದಿನಗಳಲ್ಲಿ ಟಲ್ಮಾ ಊರಿನ ಮೇಲೆ ಹೊಟ್ಟಿನ ಧೂಳು ಹೇಗೆ ಕೂರುತ್ತದೆಂದರೆ, ಸಂಜೆ ತೊಳೆದಿಟ್ಟ ಗಾಡಿ ಬೆಳಗಾಗುವಷ್ಟರಲ್ಲಿ ಹಿಟ್ಟಿನ ಗಿರಣಿಯಿಂದ ಎದ್ದು ಬಂದಂತೆ ಕಾಣುತ್ತದೆ. ರೋವೀನಾ ಮುಂದಿನ ಗಾಜು ಒರೆಸುತ್ತಿದ್ದಳು. ಅದು ಅವಳ ಕೆಲಸವಲ್ಲ. ಅವಳು ಆಂಬುಲೆನ್ಸ್ ಬೋರ್ಡಿನ ಗುಮಾಸ್ತೆ, ಅರ್ಧ ದಿನದ ನೌಕರಿ, ಇಪ್ಪತ್ತೆರಡು ವರ್ಷದಿಂದ. ಆದರೆ ಒಂದು ವರ್ಷದಿಂದ ಈಚೆಗೆ ತನ್ನದಲ್ಲದ ಕೆಲಸವನ್ನೆಲ್ಲ ಹುಡುಕಿ ಹುಡುಕಿ ಮಾಡುತ್ತಿದ್ದಳು. ಯಾರೂ ಮಾಡೆನ್ನಲಿಲ್ಲ, ಬೇಡವೆನ್ನಲೂ ಇಲ್ಲ.

ಆಂಬುಲೆನ್ಸಿನಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಮರಿಸೋಲ್ ಹಿಂದಿನ ಬಾಗಿಲಿನ ಹತ್ತಿರ ಇದ್ದಳು. ಒರೆಸುವ ಮೊದಲು ಅಲ್ಲಿನ ಧೂಳಿನಲ್ಲಿ ಬೆರಳಿನಿಂದ ಏನೋ ಬರೆದು ದೂರ ನಿಂತು ನೋಡಿದಳು. ರೋವೀನಾ ಬಕೆಟ್ಟಿನ ನೀರು ಬದಲಾಯಿಸಲು ಹಿಂದಕ್ಕೆ ಹೋದಾಗ ಅದು ಕಣ್ಣಿಗೆ ಬಿತ್ತು. ನಾನೂರ ಮೂವತ್ತಮೂರು. ಅದರ ಕೆಳಗೆ ಇನ್ನೂರ ಎಂಬತ್ತೆಂಟು.

"ದೋನ್ಯಾ ರೋವೀನಾ," ಎಂದಳು ಮರಿಸೋಲ್. ತಾಯಿಯ ವಯಸ್ಸಿನವರನ್ನು ಅವಳ ಮನೆಯಲ್ಲಿ ಹಾಗೆ ಕರೆಯುವುದು ರೂಢಿ. "ನಿನ್ನೆ ರಾತ್ರಿ ಮೂರು ಸಲ ಭಾಗಿಸಿ ನೋಡಿದೆ. ನೂರಕ್ಕೆ ಅರವತ್ತು ದಾಟತ್ತೆ. ಕೂದಲೆಳೆಯಷ್ಟು, ಆದ್ರೂ ದಾಟತ್ತೆ."

"ಹೂಂ," ಎಂದಳು ರೋವೀನಾ.

"ನಾಳೆ ಕಚೇರಿಯವರು ಎಣಿಕೆಗೆ ಸಹಿ ಹಾಕಿ ಮುಚ್ಚಿಬಿಟ್ರೆ ನಾವು ಗೆದ್ದ ಹಾಗೆ. ನೀವು ಒಂದ್ಸಲ ನಕ್ಕುಬಿಡಿ, ನಿಮ್ಮ ಹಲ್ಲು ಹೇಗಿತ್ತು ಅನ್ನೋದೇ ಮರೆತುಹೋಗಿದೆ ನಂಗೆ."

ರೋವೀನಾ ನಗಲಿಲ್ಲ. ಬಕೆಟ್ಟಿನ ಕೊಳೆನೀರನ್ನು ಚರಂಡಿಗೆ ಸುರಿದಳು.

ಆಂಬುಲೆನ್ಸಿಗೆಂದು ಹೊಲಮನೆಗಳ ಮೇಲೆ ಹಾಕುವ ತೆರಿಗೆ ಟಲ್ಮಾದವರಿಗೆ ಹೊಸತೇನಲ್ಲ. ಆರು ವರ್ಷಕ್ಕೊಮ್ಮೆ ಜನರನ್ನು ಕೇಳಬೇಕು, ಅಷ್ಟೆ. ನಡುವೆ ಕಡಿಯದಂತೆ ಮುಂದುವರಿಸಲು ಕೇಳಿದರೆ ಅರ್ಧಕ್ಕಿಂತ ಒಂದು ಮತ ಹೆಚ್ಚು ಬಂದರೆ ಸಾಕು. ಆದರೆ ಒಂದು ಸಲ ಕಡಿದುಹೋಯಿತೆಂದರೆ ಅದು ಹೊಸ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಹೊಸದಕ್ಕೆ ಐದರಲ್ಲಿ ಮೂರು ಪಾಲು ಜನ ಹೂಂ ಅನ್ನಬೇಕು. ಒಬ್ಬ ಬೇಡವೆಂದರೆ ಅವನ ಎದುರಿಗೆ ಒಂದೂವರೆ 'ಬೇಕು' ಮತ ಹುಡುಕಬೇಕು. ಅರ್ಧ ಮನುಷ್ಯರನ್ನು ಎಲ್ಲಿಂದ ತರುವುದು ಎಂದು ಬೋರ್ಡಿನವರು ತಮಾಷೆ ಮಾಡುತ್ತಿದ್ದರು. ರೋವೀನಾಳಿಗೆ ಮಾತ್ರ ಆ ತಮಾಷೆ ಚುಚ್ಚುತ್ತಿತ್ತು. ಏಕೆಂದರೆ ತೆರಿಗೆ ಕಡಿದದ್ದು ಅವಳ ಕೈಯಿಂದ.

ಈ ಕಡೆಯ ಜನ ಮತ ಹಾಕಲು ಎಲ್ಲಿಗೂ ಹೋಗಿ ಸಾಲು ನಿಲ್ಲುವುದಿಲ್ಲ. ಮತಪತ್ರ ಮನೆಗೇ ಬರುತ್ತದೆ. ಅಡುಗೆಮನೆ ಮೇಜಿನ ಮೇಲೆ ಕೂತು ತುಂಬಿ, ಲಕೋಟೆಯ ಮೇಲೆ ಸಹಿ ಮಾಡಿ ಅಂಚೆಗೆ ಹಾಕುತ್ತಾರೆ. ಚುನಾವಣೆಯ ದಿನದ ಅಂಚೆ ಮುದ್ರೆ ಲಕೋಟೆಯ ಮೇಲೆ ಬಿದ್ದಿದ್ದರೆ ಆಯಿತು, ಅದು ಮೂರು ದಿನ ತಡವಾಗಿ ತಲುಪಿದರೂ ಎಣಿಕೆಗೆ ಸೇರುತ್ತದೆ. ಹುಟ್ಟಿದಾಗಿನಿಂದ ಮುದ್ರೆಯನ್ನೇ ನಂಬಿ ಬೆಳೆದವರು ಇವರು. ಹೋದ ವರ್ಷ ಆಗಸ್ಟ್ ತಿಂಗಳ ಮೊದಲ ಮಂಗಳವಾರ, ತೆರಿಗೆ ಮುಂದುವರಿಸಲು ನವೆಂಬರಿನಲ್ಲಿ ಜನರನ್ನು ಕೇಳಬೇಕೆಂಬ ಬೋರ್ಡಿನ ಠರಾವು ಕೌಂಟಿ ಕಚೇರಿಗೆ, ಅಂದರೆ ಜಿಲ್ಲಾ ಕಚೇರಿಗೆ, ಮುಟ್ಟಬೇಕಿತ್ತು. ರೋವೀನಾ ಅದನ್ನು ಅದೇ ಮಧ್ಯಾಹ್ನ ಅಂಚೆಯ ಡೆಲ್ಬರ್ಟನ ಹತ್ತಿರ ಒಯ್ದು, ಕೈಯಿಂದಲೇ ದುಂಡು ಮುದ್ರೆ ಒತ್ತಿಸಿ, ತಾರೀಕು ಸ್ಪಷ್ಟವಾಗಿ ಮೂಡಿದೆಯೇ ಎಂದು ಎರಡೆರಡು ಸಲ ನೋಡಿ ನಿಶ್ಚಿಂತೆಯಿಂದ ಮನೆಗೆ ಹೋಗಿ ಮಲಗಿದ್ದಳು. ಕಾಗದ ಕಚೇರಿಗೆ ಮುಟ್ಟಿದ್ದು ಗುರುವಾರ. ಮತಕ್ಕಾದರೆ ಮುದ್ರೆ ಸಾಕು. ಠರಾವಿಗೆ ಕಾಗದವೇ ಮೇಜಿನ ಮೇಲಿರಬೇಕು. ತಡವಾಯಿತೆಂದು ಅವರು ಅದನ್ನು ತೆಗೆದುಕೊಳ್ಳಲಿಲ್ಲ, ಜನರನ್ನು ಕೇಳುವುದೇ ಆಗಲಿಲ್ಲ. ಡಿಸೆಂಬರಿಗೆ ತೆರಿಗೆ ಮುಗಿಯಿತು. ಇದ್ದ ಉಳಿತಾಯದಲ್ಲಿ ಈ ವರ್ಷ ಗಾಡಿ ಓಡುತ್ತಿದೆ. ಈ ಡಿಸೆಂಬರಿಗೆ ಅದೂ ಮುಗಿಯುತ್ತದೆ.

ಯಾರೂ ಬೈಯಲಿಲ್ಲ. ಬೋರ್ಡಿನ ಅಧ್ಯಕ್ಷರ ಹೆಂಡತಿ ಪೀಚ್ ಹಣ್ಣಿನ ಕಡುಬು ಮಾಡಿ ತಂದುಕೊಟ್ಟರು. ಬೈದಿದ್ದರೆ ಒಂದು ದಿನ ಅತ್ತು ಮುಗಿಸಬಹುದಿತ್ತು. ಕಡುಬು ತಿಂದು ಮುಗಿಸುವುದೇ ಕಷ್ಟವಾಯಿತು.

ಈ ಆಗಸ್ಟಿನಲ್ಲಿ ಹೊಸ ತೆರಿಗೆಯೆಂದೇ ಕೇಳಿದರು. ಎಣಿಕೆ ಮುಗಿದಾಗ 'ಬೇಕು' ಎಂದವರು ನಾನೂರ ಮೂವತ್ತು, 'ಬೇಡ' ಎಂದವರು ಇನ್ನೂರ ಎಂಬತ್ತೆಂಟು. ಎರಡೇ ಎರಡು ಮತ ಸಾಲದೆ ಹೋಯಿತು. ಆದರೆ ಐದು ಲಕೋಟೆಗಳು ಪಕ್ಕಕ್ಕಿದ್ದವು. ಸಹಿ ತಾಳೆಯಾಗದ, ಸಹಿಯೇ ಇಲ್ಲದ ಲಕೋಟೆಗಳು. ಅವುಗಳ ಹೆಸರಿನ ಪಟ್ಟಿಯನ್ನು ಯಾರು ಕೇಳಿದರೂ ಕಚೇರಿಯವರು ಕೊಡುತ್ತಾರೆ. ಆ ಐವರು ಸೋಮವಾರ ಸಂಜೆ ನಾಲ್ಕೂವರೆಯೊಳಗೆ ಸರಿಪಡಿಸಿದರೆ ಅವರ ಮತವೂ ಎಣಿಕೆಗೆ ಬರುತ್ತದೆ. ರೋವೀನಾ ಕೆಲಸದ ಹೊತ್ತು ಮುಗಿದ ಮೇಲೆ ತನ್ನ ಸ್ವಂತ ಕಾರಿನಲ್ಲಿ, ಸ್ವಂತ ಪೆಟ್ರೋಲಿನಲ್ಲಿ ಹೊರಟಿದ್ದಳು. ಒಬ್ಬಳು ಹೊಸದಾಗಿ ಮದುವೆಯಾದವಳು, ಗಂಡನ ಮನೆ ಹೆಸರು ಸೇರಿಸಿ ಸಹಿ ಮಾಡಿದ್ದಳು. ಇನ್ನೊಬ್ಬ ಸೇಬಿನ ತೋಟದ ಮೇಸ್ತ್ರಿ, ಹದಿನೆಂಟನೆಯ ವಯಸ್ಸಿನ ಸಹಿಗೂ ಈಗಿನ ಸಹಿಗೂ ಸಂಬಂಧವೇ ಇಲ್ಲ. ಮೂರನೆಯವರು ರಿಟೈರಾದ ಮೇಡಂ, ಸಾವಿರ ಮಕ್ಕಳ ಪರೀಕ್ಷೆ ಕಾಗದದ ಮೇಲೆ 'ಹೆಸರು ಬರೆದಿಲ್ಲ' ಎಂದು ಕೆಂಪು ಗೆರೆ ಎಳೆದವರು, ತಾವೇ ಸಹಿ ಮರೆತಿದ್ದರು. ಏನು ಮತ ಹಾಕಿದಿರಿ ಎಂದು ಕೇಳಬಾರದು, ರೋವೀನಾ ಕೇಳಲೂ ಇಲ್ಲ. ಆದರೆ ಹೇಳುವವರ ಬಾಯಿ ಮುಚ್ಚುವವರು ಯಾರು? ಮೂವರೂ ಬೇಕು ಎಂದೇ ಹಾಕಿದ್ದರು. ಶುಕ್ರವಾರವೇ ಮೂವರದೂ ಸರಿಹೋಯಿತು.

ನಾಲ್ಕನೆಯವನು ಅಲಾಸ್ಕದ ಮೀನುದೋಣಿಯಲ್ಲಿ ಎಲ್ಲೋ ಇದ್ದಾನೆ, ಅವನ ಫೋನು ಸಮುದ್ರದಲ್ಲಿ ಬಡಿದುಕೊಳ್ಳುತ್ತಿರಬೇಕು.

"ಇನ್ನೊಬ್ಬರಿದ್ದಾರೆ," ಎಂದಳು ರೋವೀನಾ ಖಾಲಿ ಬಕೆಟ್ಟು ಹಿಡಿದು.

"ಐದನೆಯವರಾ? ಯಾರು? ಮೂರು ದಿನದಿಂದ ಕೇಳ್ತಿದೀನಿ, ಹೇಳ್ತಾನೇ ಇಲ್ಲ ನೀವು."

"ಎಲ್ಡನ್ ಪ್ರೂಯಿಟ್."

ಮರಿಸೋಲಳ ಕೈಯ ಸ್ಪಂಜು ಅಲ್ಲೇ ನಿಂತಿತು. ಆಮೇಲೆ ಅವಳು ನಕ್ಕಳು. ಖುಷಿಯ ನಗುವಲ್ಲ. "ಗೇಟಿಗೆ ಬಾಗಿಲಿನಷ್ಟು ದೊಡ್ಡ ಬೋರ್ಡು ಹಾಕಿದಾರಲ್ಲ, ಅವರಾ? 'ಇನ್ನು ತೆರಿಗೆ ಬೇಡ.' ಕೆಂಪು ಬಣ್ಣ. ಮಾರ್ಚಿನಲ್ಲಿ ಲಕ್ವ ಹೊಡೆದಾಗ ನಾನೂ ಡ್ರೈವರ್ ಟೆಡ್ಡೂ ಅದೇ ಗೇಟಿನಿಂದ ಅವರನ್ನ ಎತ್ಕೊಂಡು ಬಂದ್ವಿ."

"ಗೊತ್ತು."

"ಅವರ ಬೇಡ ಒಂದು ಸೇರಿದ್ರೆ ಏನಾಗತ್ತೆ ಅಂತ ಲೆಕ್ಕ ಹಾಕಿದೀರಾ?"

"ಹಾಕಿದೀನಿ. ಅರವತ್ತು ಬರಲ್ಲ."

"ಮತ್ತೆ?" ಮರಿಸೋಲ್ ಹತ್ತಿರ ಬಂದಳು. "ಅವರಿಗೂ ಕಚೇರಿಯಿಂದ ಕಾಗದ ಹೋಗಿರತ್ತೆ. ಸರಿಮಾಡ್ಕೊಳ್ಳೋದು ಬಿಡೋದು ಅವರಿಷ್ಟ. ನೀವ್ಯಾಕೆ ಹೋಗ್ಬೇಕು? ನಿಮ್ಮನ್ನ ಯಾರೂ ಕೇಳಲ್ಲ. ಸುಮ್ನೆ ಮನೆಗೆ ಹೋಗಿ ಫ್ಯಾನ್ ಕೆಳಗೆ ಕೂತ್ಕೊಳ್ಳಿ. ನಾಳೆ ಗೆದ್ವಿ. ಅಷ್ಟೇ."

"ಆ ಮೂವರಿಗೂ ಕಾಗದ ಹೋಗಿತ್ತು. ಆದ್ರೂ ಅವರ ಮನೆಗೆ ಹೋದೆ."

"ಅಯ್ಯೋ ದೇವರೇ!" ಎಂದು ಮರಿಸೋಲ್ ಸ್ಪಂಜನ್ನು ಬಕೆಟ್ಟಿಗೆ ಎಸೆದಳು. ಬಕೆಟ್ಟು ಖಾಲಿ ಇದ್ದುದರಿಂದ ಅದು ತಳಕ್ಕೆ ಬಡಿದು ಸಪ್ಪೆ ಸದ್ದಾಯಿತು. "ನನ್ನಮ್ಮ ಕೆಳಗೆ ನದೀ ದಡದ ತೋಟದ ಕೋಣೆಯಲ್ಲಿದ್ದಾಳೆ. ಸಕ್ಕರೆ ಏರಿ ಬಿದ್ರೆ ನಾವು ಹನ್ನೆರಡು ನಿಮಿಷಕ್ಕೆ ಹೋಗ್ತೀವಿ. ಈ ಶೆಡ್ಡು ಮುಚ್ಚಿದ್ರೆ ಕೌಂಟಿ ಕಚೇರಿ ಇರೋ ಊರಿಂದ ಗಾಡಿ ಬರ್ಬೇಕು. ಅರವತ್ತೆರಡು ಮೈಲಿ. ನಾನೂ ಅಲ್ಲಿಗೇ ಕೆಲ್ಸ ಹುಡುಕ್ಕೊಂಡು ಹೋಗ್ಬೇಕು. ಇದನ್ನೂ ಲೆಕ್ಕ ಹಾಕಿದೀರಾ?"

ರೋವೀನಾ ಅದನ್ನೂ ಹಾಕಿದ್ದಳು. ಶನಿವಾರ ಒಂದು ಸಲ, ಭಾನುವಾರ ಎರಡು ಸಲ ಎಲ್ಡನ್‌ನ ಗೇಟಿನ ತನಕ ಹೋಗಿ, ಬೋರ್ಡು ನೋಡಿ, ಕಾರು ತಿರುಗಿಸಿಕೊಂಡು ಬಂದಿದ್ದಳು. ಸುಮ್ಮನಿದ್ದರೆ ಒಂದು ವರ್ಷದ ಕಳಂಕ ಒಂದೇ ದಿನದಲ್ಲಿ ಅಳಿಸಿಹೋಗುತ್ತದೆ. ಪೀಚ್ ಕಡುಬು ಗಂಟಲಿನಿಂದ ಇಳಿಯುತ್ತದೆ. ಅಷ್ಟಕ್ಕೂ ಅವಳು ಯಾವ ತಪ್ಪೂ ಮಾಡಿದಂತಾಗುವುದಿಲ್ಲ, ಒಂದು ಮನೆಗೆ ಹೋಗದೆ ಇದ್ದರೆ ಅಷ್ಟೆ. ಆದರೆ ಕಣ್ಣು ಮುಚ್ಚಿದರೆ ಕೌಂಟಿ ಕಚೇರಿಯ ಮೇಜಿನ ಮೂಲೆಯ ತಂತಿಬುಟ್ಟಿ ಕಾಣುತ್ತಿತ್ತು. ತನ್ನ ಠರಾವು ಆ ಬುಟ್ಟಿಯಲ್ಲಿ, ತಡವಾಗಿ ಬಂದ ಕಾಗದಗಳ ನಡುವೆ ಬಿದ್ದಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು, ಮರಿಸೋಲಳಿಗೂ ಹೇಳಿದ್ದಳು. ಅಲ್ಲಿ ಬಿದ್ದ ಕಾಗದಕ್ಕೆ ಯಾರೂ ಇಲ್ಲ.

ಒಂದು ಗಂಟೆಗೆ ಕೆಲಸ ಮುಗಿಯಿತು. ರೋವೀನಾ ಮನೆಗೆ ಹೋಗಿ ಒಂದು ಬ್ರೆಡ್ಡು ತಿಂದು ಕಾರು ತೆಗೆದಳು.

ಎಲ್ಡನ್ ಪ್ರೂಯಿಟ್ ಮನೆಯಲ್ಲಿರಲಿಲ್ಲ. ಹೊಲದ ಅಂಚಿಗೆ ಪಿಕಪ್ ನಿಲ್ಲಿಸಿ, ಬಾಗಿಲು ತೆರೆದು, ಕಾಲು ಹೊರಗಿಳಿಬಿಟ್ಟು ಕೂತು ಕಟಾವು ನೋಡುತ್ತಿದ್ದ. ದೂರದಲ್ಲಿ ಅವನ ತಮ್ಮನ ಮಗ ಕಂಬೈನ್ ಓಡಿಸುತ್ತಿದ್ದ. ಯಂತ್ರದ ಹಿಂದೆ ಹೊಟ್ಟಿನ ಹೊಗೆ. ಎಪ್ಪತ್ತೊಂದರ ಎಲ್ಡನ್ ಈ ವರ್ಷವೇ ಮೊದಲ ಸಲ ಕಂಬೈನ್ ಹತ್ತಿಲ್ಲ. ಬಲಗೈ ತೊಡೆಯ ಮೇಲೆ ಯಾರೋ ಮರೆತು ಬಿಟ್ಟುಹೋದ ಕೈಚೀಲದಂತೆ ಬಿದ್ದಿತ್ತು.

"ಬಂದೆಯಾ, ವಸೂಲಿಯವಳು," ಎಂದ. ಮಾತು ಸ್ವಲ್ಪ ಎಳೆಯುತ್ತಿತ್ತು, ಆದರೆ ಮೊನಚು ಹಾಗೇ ಇತ್ತು. "ಎಣಿಕೆ ಮುಗೀತಲ್ಲ. ಸೋತೋರು ಮನೆಮನೆಗೆ ಹೋಗಿ ಅಳೋ ಪದ್ಧತಿ ಯಾವಾಗಿಂದ?"

"ಅಳೋಕೆ ಬಂದಿಲ್ಲ, ಎಲ್ಡನ್. ನಿಮ್ಮ ಲಕೋಟೆ ಪಕ್ಕಕ್ಕಿಟ್ಟಿದಾರೆ. ಕಾಗದ ಬಂದಿರಬೇಕಲ್ಲ ನಿಮಗೆ?"

"ಯಾವ ಕಾಗದ?"

ರೋವೀನಾ ಪಿಕಪ್ಪಿನ ಬಾಗಿಲು ನೋಡಿದಳು. ಕಿಟಕಿಯ ಗಾಜು ಕೆಳಗೆ ಜಾರದಿರಲೆಂದು ಸಂದಿಗೆ ಮಡಿಸಿ ತುರುಕಿದ್ದ ಕಾಗದದ ಮೇಲೆ ಕೌಂಟಿಯ ಗುರುತು ಕಾಣುತ್ತಿತ್ತು. ಅವಳು ತೋರಿಸಿದಳು. ಎಲ್ಡನ್ ಎಡಗೈಯಿಂದ ಅದನ್ನೆಳೆದ. ಗಾಜು ದಡಕ್ಕೆಂದು ಒಳಗಿಳಿಯಿತು.

"ಇದು ನಿಮ್ಮದೇ ಜಾಹೀರಾತು ಅಂದ್ಕೊಂಡೆ. ದಿನಕ್ಕೆರಡು ಬರ್ತಿತ್ತು. ಆಂಬುಲೆನ್ಸಿನ ಫೋಟೊ, ಅಳೋ ಮಗುವಿನ ಫೋಟೊ." ಕಾಗದವನ್ನು ಮೊಣಕಾಲಿನ ಮೇಲೆ ಚಪ್ಪಟೆ ಮಾಡಿ, ಓದದೆ ಅವಳಿಗೆ ಕೊಟ್ಟ. "ಏನಂತೆ?"

"ಸಹಿ ಮಾಡೋ ಜಾಗದಲ್ಲಿ ನೀವು ಕತ್ತರಿ ಗುರುತು ಹಾಕಿದೀರಿ. ಗುರುತು ಹಾಕಿದ್ರೆ ಇಬ್ಬರು ಸಾಕ್ಷಿ ಬೇಕು. ಇಲ್ಲಾಂದ್ರೆ ಎಣಿಸಲ್ಲ."

ಎಲ್ಡನ್ ಹೊಲದ ಕಡೆ ನೋಡಿದ. ಕಂಬೈನ್ ಹೊಲದ ಕೊನೆ ಮುಟ್ಟಿ ತಿರುಗುತ್ತಿತ್ತು. ಪಕ್ಕದಲ್ಲೇ ತಮ್ಮನ ಮಗ ಇದ್ದಾನೆ, ಅವನ ಹೆಂಡತಿ ಇದ್ದಾಳೆ, ಮನೆಯೊಳಗೆ ಇಬ್ಬರು ಸಾಕ್ಷಿ ಸಿಗುತ್ತಿದ್ದರು. ಆದರೆ ಕೇಳಬೇಕಿತ್ತಲ್ಲ. ನನಗೆ ನನ್ನ ಹೆಸರು ಬರೆಯಲಾಗುತ್ತಿಲ್ಲ, ಬಂದು ನೋಡಿ ಎನ್ನಬೇಕಿತ್ತಲ್ಲ. ರೋವೀನಾಳಿಗೆ ಅದು ಅವನು ಹೇಳದೆಯೇ ತಿಳಿಯಿತು. ಅವಳೂ ಹೊಲದ ಕಡೆಗೇ ನೋಡಿದಳು.

"ನೀನೊಬ್ಬಳಿದೀಯ," ಎಂದ ಕೊನೆಗೆ. "ಇನ್ನೊಬ್ಬರು?"

"ಒಬ್ಬರನ್ನ ಕರೀಬಹುದು. ನಿಮ್ಮ ತಮ್ಮನ ಮಗನ್ನ..."

"ಅವನು ಬೇಡ." ತಟ್ಟನೆ ಹೇಳಿದ. "ಕಂಬೈನ್ ನಿಲ್ಲಿಸ್ಬಾರ್ದು. ಮನೇಲೂ ಬೇಡ. ಬೇರೆ ಯಾರನ್ನಾದ್ರೂ ಕರಿ."

ಬೇರೆ ಯಾರು? ಊರಿನ ಅರ್ಧ ಜನ ಹೊಲದಲ್ಲಿ, ಉಳಿದರ್ಧ ಊಟದ ನಿದ್ದೆಯಲ್ಲಿ. ಗಂಟೆ ಎರಡೂಕಾಲು. ಎರಡು ಗಂಟೆಗೆ ಪಾಳಿ ಮುಗಿಸಿ ಬಂದಿರುವವಳು ಒಬ್ಬಳೇ. ರೋವೀನಾ ಸ್ವಲ್ಪ ದೂರ ಹೋಗಿ ಫೋನು ಮಾಡಿ ವಿಷಯ ಹೇಳಿದಳು.

"ಅಂದ್ರೆ," ಎಂದಳು ಮರಿಸೋಲ್, "ನನ್ನ ಕುತ್ತಿಗೆಗೆ ಹಗ್ಗ, ಗಂಟು ಸರಿ ಇದೆಯಾ ಅಂತ ನಾನೇ ಬಂದು ಸಹಿ ಹಾಕ್ಬೇಕು."

"ಬರಲೇಬೇಕು ಅಂತೇನಿಲ್ಲ, ಮರಿಸೋಲ್."

"ಇಡಿ ಫೋನು."

ಅವಳು ಬಂದಳು. ಯೂನಿಫಾರ್ಮ್ ಇನ್ನೂ ಬಿಚ್ಚಿರಲಿಲ್ಲ. ಧೂಳೆಬ್ಬಿಸಿಕೊಂಡು ಬಂದು ತನ್ನ ಹಳೆಯ ಪಿಕಪ್ಪನ್ನು ಎಲ್ಡನ್‌ನ ಗಾಡಿಯ ಮೂಗಿಗೆ ಮೂಗು ತಾಗುವಂತೆ ನಿಲ್ಲಿಸಿದಳು.

"ಆಂಬುಲೆನ್ಸ್ ತರ್ಲಿಲ್ವಾ?" ಎಂದ ಎಲ್ಡನ್.

"ತೆರಿಗೆ ದುಡ್ಡಿನ ಗಾಡೀಲಿ ಚುನಾವಣೆ ಕೆಲ್ಸ ಮಾಡೋ ಹಾಗಿಲ್ಲ, ಮಿಸ್ಟರ್ ಪ್ರೂಯಿಟ್. ನೀವೇ ಮೊದಲು ದೂರು ಕೊಡ್ತಿದ್ರಿ."

"ಕೊಡ್ತಿದ್ದೆ," ಎಂದು ಅವನು ಒಪ್ಪಿಕೊಂಡ. ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದ. "ಮಾರ್ಚಿನಲ್ಲಿ ನೀನೇ ಅಲ್ವಾ? ದಾರಿಯುದ್ದಕ್ಕೂ ನನ್ನ ಹೆಸರು ಕೇಳ್ತಾನೇ ಇದ್ದೆ."

"ನೀವು ಹೇಳ್ತಾನೇ ಇರ್ಲಿಲ್ಲ."

"ಗೊತ್ತಿತ್ತು ನನಗೆ. ಬಾಯಿಗೆ ಬರ್ತಿರ್ಲಿಲ್ಲ." ಎಡಗೈಯಿಂದ ಗಡ್ಡ ಕೆರೆದುಕೊಂಡ. "ಬಿಲ್ಲು ಬಂತು, ಕಟ್ಟಿದೆ. ಒಂದು ಪೈಸೆ ಬಾಕಿ ಇಟ್ಟಿಲ್ಲ. ಗಾಡಿ ಹತ್ತಿದೋನು ಕಟ್ಲಿ, ನಾನು ಬೇಡ ಅನ್ನಲ್ಲ. ನೀವು ತೆರಿಗೇನ ನೆಲದ ಮೇಲೆ ಹಾಕ್ತೀರಿ. ನನ್ನ ನೆಲಕ್ಕೆ ಯಾವತ್ತಾದ್ರೂ ಎದೆನೋವು ಬಂದಿದೆಯಾ?"

"ನೆಲ ಉಳೋನಿಗೆ ಬರತ್ತಲ್ಲ," ಎಂದಳು ಮರಿಸೋಲ್. "ಗಾಡಿ ಹತ್ತಿದೋರ ಬಿಲ್ಲು ಬರೋದು ಹತ್ತಿದ ಮೇಲೆ. ಅದಕ್ಕೆ ಮುಂಚೆ ಗಾಡಿ ಇರ್ಬೇಕು, ಡೀಸೆಲ್ ಇರ್ಬೇಕು, ನಾನು ಎದ್ದಿರ್ಬೇಕು."

"ಹಂ," ಎಂದ ಎಲ್ಡನ್. ಅದು ಒಪ್ಪಿಗೆಯೋ ನಿರಾಕರಣೆಯೋ ತಿಳಿಯಲಿಲ್ಲ.

ರೋವೀನಾ ಕಾಗದವನ್ನು ಪಿಕಪ್ಪಿನ ಬಾನೆಟ್ಟಿನ ಮೇಲೆ ಹರಡಿದಳು. ಬಿಸಿಲಿಗೆ ಲೋಹ ಕಾದಿತ್ತು. ಕೆಳಗೆ ತನ್ನ ಟೋಪಿ ಇಟ್ಟು ಅದರ ಮೇಲೆ ಕಾಗದ ಇಟ್ಟಳು. ಎಲ್ಡನ್ ಎದ್ದು ನಿಂತು ಬಂದ. ಬಲಗಾಲು ನೆಲಕ್ಕೆ ಒಂದು ಗೆರೆ ಎಳೆಯುತ್ತ ಬಂತು. ಅವನು ಪೆನ್ನು ಹಿಡಿದಾಗ ಮರಿಸೋಲ್ ಇದ್ದಕ್ಕಿದ್ದಂತೆ ಹೇಳಿದಳು:

"ಒಂದು ಮಾತು. ನೀವು ಇದಕ್ಕೆ ಗುರುತು ಹಾಕದೆ ಇದ್ರೆ ನಾಳೆ ನಾವು ಗೆಲ್ತೀವಿ. ಹಾಕಿ, ಒಳಗೆ 'ಬೇಡ' ಅಂತಿದ್ರೆ, ಸೋಲ್ತೀವಿ. ಅಷ್ಟೇ ಅಂತರ."

"ಮರಿಸೋಲ್!" ಎಂದಳು ರೋವೀನಾ.

"ತಿಳಿದು ಹಾಕ್ಲಿ, ದೋನ್ಯಾ ರೋವೀನಾ. ತಿಳೀದೆ ಹಾಕೋದು ಬೇಡ."

ಎಲ್ಡನ್ ಪೆನ್ನನ್ನು ಕಾಗದದಿಂದ ಎತ್ತಿದ. ರೋವೀನಾಳನ್ನು ನೋಡಿದ.

"ಇದು ಗೊತ್ತಿದ್ದೂ ಬಂದೆಯಾ ನೀನು?"

ರೋವೀನಾ ತಲೆಯಾಡಿಸಿದಳು.

"ಹೋದ ವರ್ಷ ಕಾಗದ ತಡ ಮಾಡಿದವಳು ನೀನೇ. ಇವತ್ತು ಸುಮ್ನೆ ಕೂತಿದ್ರೆ ನಿನ್ನ ತಪ್ಪು ತೊಳೆದುಹೋಗ್ತಿತ್ತು." ಅವನ ದನಿಯಲ್ಲಿ ಅಣಕ ಇರಲಿಲ್ಲ, ಬೆಲೆ ಗೊತ್ತಾಗದ ವಸ್ತುವನ್ನು ತಿರುಗಿಸಿ ತಿರುಗಿಸಿ ನೋಡುವವನ ಹಾಗಿತ್ತು. "ಹುಚ್ಚಿ."

"ಇರ್ಬಹುದು."

ಕಂಬೈನಿನ ಸದ್ದು ಹತ್ತಿರವಾಗಿ ಮತ್ತೆ ದೂರವಾಯಿತು.

"ಒಳಗಿರೋದನ್ನ ಈಗ ಬದಲಾಯಿಸೋಕಾಗತ್ತಾ?" ಎಂದ.

ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೇಳಬಾರದ್ದನ್ನು ಅವರು ಕೇಳಿರಲಿಲ್ಲ, ಆದರೆ ಉತ್ತರ ಸಿಕ್ಕಿಬಿಟ್ಟಿತ್ತು.

"ಆಗಲ್ಲ, ಎಲ್ಡನ್," ಎಂದಳು ರೋವೀನಾ. "ಅಂಟಿಸಿದ ಲಕೋಟೆ. ಒಳಗಿರೋದು ಒಳಗೇ. ಎಣಿಸೋದು ಅಥವಾ ಬಿಡೋದು, ಎರಡೇ."

"ಜುಲೈನಲ್ಲಿ ತುಂಬಿದ್ದು," ಎಂದ ಅವನು, ಯಾರಿಗೂ ಅಲ್ಲದ ಹಾಗೆ. "ಆಗ ನನಗೆ ಸಿಟ್ಟು. ಎಲ್ಲದರ ಮೇಲೂ."

ಮರಿಸೋಲಳ ಕಣ್ಣು ಪೆನ್ನಿನ ಮೇಲಿತ್ತು. ಅವನು ಅದನ್ನು ಬಾನೆಟ್ಟಿನ ಮೇಲೆ ಇಟ್ಟುಬಿಟ್ಟರೆ ಸಾಕು. ಇಟ್ಟುಬಿಡಲಿ ಎಂದು ರೋವೀನಾ ಒಳಗೊಳಗೇ ಬೇಡುತ್ತಿದ್ದಳು. ಬೇಡುತ್ತಿದ್ದೇನೆ ಎಂದು ತಿಳಿದು ನಾಚಿಕೆಯೂ ಆಯಿತು.

"ಮಾರ್ಚಿನಿಂದ," ಎಂದ ಎಲ್ಡನ್ ನಿಧಾನವಾಗಿ, ಒಂದೊಂದೇ ಮಾತನ್ನು ಎತ್ತಿಡುತ್ತ, "ಯಾವ ಅಂಗಿ ಹಾಕ್ಬೇಕು ಅಂತ ತಮ್ಮನ ಮಗನ ಹೆಂಡ್ತಿ ಹೇಳ್ತಾಳೆ. ಯಾವ ಹೊಲ ಮೊದಲು ಅಂತ ಅವನು ಹೇಳ್ತಾನೆ. ಮಾಂಸ ಕತ್ತರಿಸಿ ತಟ್ಟೆಗೆ ಹಾಕಿ ಕೊಡ್ತಾರೆ. ಐವತ್ಮೂರು ವರ್ಷದಲ್ಲಿ ನಾನು ಒಂದು ಚುನಾವಣೆ ಬಿಟ್ಟಿಲ್ಲ. ನಾನು ಹಾಕಿದ್ದು ತಪ್ಪಿರ್ಬಹುದು. ಆದ್ರೆ ಹಾಕಿದ್ದು ನಾನು."

ಬಗ್ಗಿ, ಎಡಗೈಯಿಂದ, ಮೊದಲು ಒಂದು ಗೆರೆ ಎಳೆದ. ಉಸಿರು ಬಿಟ್ಟ. ಅದರ ಮೇಲೆ ಇನ್ನೊಂದು ಗೆರೆ ಎಳೆದ. ಎರಡನೆಯದು ಕಾಗದದ ಅಂಚು ದಾಟಿ ರೋವೀನಾಳ ಟೋಪಿಯ ಮೇಲೂ ಮೂಡಿತು.

ರೋವೀನಾ ಸಾಕ್ಷಿ ಹಾಕಿದಳು. ಪೆನ್ನನ್ನು ಮರಿಸೋಲಳ ಕಡೆ ಚಾಚಿದಳು. ಮರಿಸೋಲ್ ಅದನ್ನು ತೆಗೆದುಕೊಳ್ಳುವ ಮೊದಲು ಎಲ್ಡನ್‌ನ ಬಲಗೈಯನ್ನು ಎತ್ತಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. "ವ್ಯಾಯಾಮ ಮಾಡ್ತಿಲ್ಲ ನೀವು," ಎಂದಳು. "ಬೆರಳು ಒಣಗಿದ ಕಡ್ಡಿ ಆಗ್ತಿದಾವೆ." ಆಮೇಲೆ ಪೆನ್ನು ತೆಗೆದುಕೊಂಡು, ಊಯೋವಾ ಎಂಬ ತನ್ನ ಮನೆಹೆಸರಿನವರೆಗೂ ಪೂರ್ತಿ, ಸ್ಪಷ್ಟವಾಗಿ ಬರೆದಳು. ತಾಳೆಯಾಗಲಿಲ್ಲವೆಂದು ಯಾರೂ ಹೇಳುವಂತಿರಬಾರದು.

ಗಂಟೆ ಮೂರಾಗುತ್ತಿತ್ತು. ಫೋನಿನಲ್ಲಿ ಫೋಟೊ ತೆಗೆದು ಕಳಿಸಿದರೂ ಕಚೇರಿಯವರು ಒಪ್ಪುತ್ತಾರೆ. ರೋವೀನಾಳಿಗೆ ಅದು ಬೇಕಿರಲಿಲ್ಲ. ಅರವತ್ತೆರಡು ಮೈಲಿ ಓಡಿಸಿದಳು. ಅಂಚೆ ಕಚೇರಿಯ ಮುಂದೆ ಹಾದುಹೋದಾಗ ಡೆಲ್ಬರ್ಟ್ ಕೈಬೀಸಿದ, ಅವಳು ಬೀಸಲಿಲ್ಲ. ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ ಕಾಗದವನ್ನು ಕೌಂಟಿ ಕಚೇರಿಯ ಮೇಜಿನ ಮೇಲೆ ತನ್ನ ಕೈಯಿಂದಲೇ ಇಟ್ಟಳು. ಹೋದ ವರ್ಷ ಇದ್ದ ಹೆಂಗಸೇ ಇದ್ದಳು. ಅವಳು ಕಾಗದ ಓದಿ, ಗಡಿಯಾರ ನೋಡಿ, ತಲುಪಿದ ಮುದ್ರೆ ಒತ್ತಿದಳು.

"ಇನ್ನೇನಾದ್ರೂ ಇದೆಯಾ?" ಎಂದಳು.

"ಇಲ್ಲ," ಎಂದಳು ರೋವೀನಾ.

ಮರುದಿನ ಮಧ್ಯಾಹ್ನ ಕಚೇರಿಯವರು ಎಣಿಕೆ ಮುಚ್ಚಿ ಫಲಿತಾಂಶ ಹಾಕಿದರು. ಬೇಕು ನಾನೂರ ಮೂವತ್ತಮೂರು. ಬೇಡ ಇನ್ನೂರ ಎಂಬತ್ತೊಂಬತ್ತು. ನೂರಕ್ಕೆ ಐವತ್ತೊಂಬತ್ತು ಪಾಯಿಂಟ್ ಒಂಬತ್ತು ಏಳು. ಬೋರ್ಡಿನ ಅಧ್ಯಕ್ಷರು ರೋವೀನಾಳಿಗೆ ಫೋನು ಮಾಡಿ ಫೆಬ್ರವರಿಗೆ ಮತ್ತೆ ಕೇಳೋಣ, ಡಿಸೆಂಬರ್ ಆದಮೇಲೆ ಗಾಡಿ ನಿಲ್ಲಿಸಬೇಕಾಗುತ್ತದೆ, ಏನು ಮಾಡೋದು ಎಂದರು. ಎಲ್ಡನ್‌ನ ಕಾಗದದ ಬಗ್ಗೆ ಅವಳು ತಾನೇ ಹೇಳಿದಳು. ಆಮೇಲೆ ಅವರು, "ಠರಾವು ಬರೆದಿಡು," ಎಂದರು. "ಈ ಸಲ ಕೊಡೋಕೆ ನಾನೇ ಜೊತೆಗೆ ಬರ್ತೀನಿ." ಅವಳಿಗೆ ಅಳು ಬಂದಿದ್ದು ಆಗ.

ಚುನಾವಣೆ ಮುಗಿದ ಮೇಲೆ ಹಾಕಿದವರೇ ಬೋರ್ಡು ಕೀಳಬೇಕೆಂಬುದು ಟಲ್ಮಾದ ರೀತಿ. ಗೆದ್ದರೂ ಅಷ್ಟೆ, ಸೋತರೂ ಅಷ್ಟೆ. ಬುಧವಾರ ಸಂಜೆ ಮರಿಸೋಲಳ ಪಿಕಪ್ಪಿನಲ್ಲಿ ಇಬ್ಬರೂ ಹೊರಟರು. ಆಂಬುಲೆನ್ಸಿನ ಚಿತ್ರವಿದ್ದ ಬೋರ್ಡುಗಳನ್ನು ಒಂದೊಂದೇ ಕಿತ್ತು ಹಿಂದಕ್ಕೆ ಹಾಕುತ್ತ ಬಂದರು. ಮರಿಸೋಲ್ ಕೀಳುತ್ತಿದ್ದಳು, ರೋವೀನಾ ತಂತಿಕಾಲಿಗಂಟಿದ ಮಣ್ಣು ಒರೆಸಿ ಜೋಡಿಸುತ್ತಿದ್ದಳು. ಫೆಬ್ರವರಿಗೆ ಮತ್ತೆ ಬೇಕಾಗುತ್ತವೆ.

"ಕೌಂಟಿ ಊರಿನವರು ಫೋನು ಮಾಡಿದ್ರು," ಎಂದಳು ಮರಿಸೋಲ್ ಗಾಡಿ ಓಡಿಸುತ್ತ. "ಜನವರಿಯಿಂದ ಬಾ ಅಂದ್ರು."

"ಏನಂದೆ?"

"ಯೋಚ್ನೆ ಮಾಡ್ತೀನಿ ಅಂದೆ. ಅಮ್ಮನ್ನ ಎಲ್ಲಿ ಇಡೋದು ಅಲ್ಲಿ?"

"ನಿಂಗೆ ನನ್ನ ಮೇಲೆ ಸಿಟ್ಟಿದೆಯಾ?"

ಮರಿಸೋಲ್ ಗೇರು ಬದಲಾಯಿಸಿದಳು. "ಇದೆ," ಎಂದಳು. "ಆದ್ರೂ ನನ್ನ ಲಕೋಟೆ ಯಾವತ್ತಾದ್ರೂ ಆ ಬುಟ್ಟಿಗೆ ಬಿದ್ರೆ, ನೀವೇ ಬರ್ಬೇಕು."

ತಿರುವಿನಲ್ಲಿ ಎಲ್ಡನ್‌ನ ಗೇಟು ಕಂಡಿತು. ಕಟಾವು ಮುಗಿದು ಹೊಲ ಬೋಳಾಗಿತ್ತು. ಅವನು ಗೇಟಿನ ಹತ್ತಿರ ಒಬ್ಬನೇ ನಿಂತು, ಎಡಗೈಯಿಂದ ಆ ಕೆಂಪು ಬೋರ್ಡಿನ ಕಂಬವನ್ನು ಅಲ್ಲಾಡಿಸುತ್ತಿದ್ದ. ಕಂಬ ಹಿಂದಕ್ಕೂ ಮುಂದಕ್ಕೂ ಬಾಗುತ್ತಿತ್ತು, ಮೇಲೆ ಬರುತ್ತಿರಲಿಲ್ಲ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಎಷ್ಟು ಹೊತ್ತಿನಿಂದ ಹಾಗೆ ಮಾಡುತ್ತಿದ್ದನೋ, ಬುಡದ ಸುತ್ತ ನೆಲವೆಲ್ಲ ಕಾಲಿನಿಂದ ಕೆದರಿತ್ತು.

ಮರಿಸೋಲ್ ಗಾಡಿಯ ವೇಗ ತಗ್ಗಿಸಿದಳು. ನಿಲ್ಲಿಸಬೇಕೆಂದಿದ್ದಳೋ ಇಲ್ಲವೋ, ಗಾಡಿ ನಿಂತಿತು. ಎಲ್ಡನ್ ತಿರುಗಿದ. ಹಿಂದೆ ರಾಶಿ ಹಾಕಿದ ಬೋರ್ಡುಗಳನ್ನು ನೋಡಿದ. ಆಮೇಲೆ ಕಿಟಕಿಯೊಳಗಿದ್ದ ಎರಡು ಮುಖಗಳನ್ನು ನೋಡಿದ. ಏನು ಹೇಳುತ್ತಾನೋ ಎಂದು ರೋವೀನಾ ಕಾದಳು. ಫಲಿತಾಂಶ ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತೆಂದು ಇವರಿಗೂ ಗೊತ್ತಿತ್ತು.

"ಒಂದು ಕೈಲಿ ಬರ್ತಾ ಇಲ್ಲ," ಎಂದ ಅವನು. "ಇದನ್ನ ಸ್ವಲ್ಪ ಕಿತ್ತುಕೊಡಿ."